ಹೆಜ್ಜೆಗಾರಿಕೆ: ಕಾಲ್ತಾಳದ ಮೊದಲ ಪಾಠಗಳು

ಪಾದ ನೆಲಕ್ಕೆ ತಾಗಿದಾಗ ಹುಟ್ಟುವ ಸದ್ದನ್ನೇ ತಾಳವಾದ್ಯವಾಗಿ ಬಳಸಿಕೊಳ್ಳುವ ಕುಣಿತಗಳು ಲೋಕದ ಹಲವೆಡೆ ಬೆಳೆದಿವೆ. ಅಮೆರಿಕದ ಟ್ಯಾಪ್ ನೃತ್ಯ, ಐರ್ಲೆಂಡಿನ ಜಿಗ್, ಸ್ಪೇನಿನ ಫ್ಲಾಮೆಂಕೊ, ಉತ್ತರ ಭಾರತದ ಕಥಕ್, ದಕ್ಷಿಣದ ಭರತನಾಟ್ಯ, ಕರಾವಳಿಯ ಯಕ್ಷಗಾನ, ಬಯಲುಸೀಮೆಯ ವೀರಗಾಸೆ, ದೊಡ್ಡಾಟಗಳೆಲ್ಲ ಈ ಸಾಲಿಗೆ ಸೇರುತ್ತವೆ. ಇವುಗಳ ವೇಷ, ಸಂಗೀತ, ಸಂದರ್ಭಗಳು ಬೇರೆ ಬೇರೆ. ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ ಮಾತ್ರ ಬಹುಮಟ್ಟಿಗೆ ಒಂದೇ: ಮೈಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ಅರಿಯುವುದು, ಸದ್ದನ್ನು ಸ್ಪಷ್ಟವಾಗಿ ಹೊರಡಿಸುವುದು, ನಿಧಾನಗತಿಯಲ್ಲಿ ಪಳಗಿದ ಮೇಲೆ ವೇಗಕ್ಕೆ ಹೋಗುವುದು. ಹರಿಹರ ತಾಲ್ಲೂಕಿನ ಗುತ್ತೂರಿನಂಥ ಊರಿನಲ್ಲಿ ಬೆಳೆದವರಿಗೆ ಟ್ಯಾಪ್ ನೃತ್ಯದ ಹೆಸರು ಹೊಸದಿರಬಹುದು. ಆದರೆ ಅದರ ಒಳಗುಟ್ಟು ಹಬ್ಬ ಜಾತ್ರೆಗಳಲ್ಲಿ ಅವರ ಕಿವಿಗೆ ಆಗಲೇ ಬಿದ್ದಿರುತ್ತದೆ.

ಶಾಸ್ತ್ರದಲ್ಲಿ ಪಾದ

ಭರತನ ನಾಟ್ಯಶಾಸ್ತ್ರ ಪಾದದ ಐದು ಭೇದಗಳನ್ನು ಹೇಳುತ್ತದೆ: ಉದ್ಘಟ್ಟಿತ, ಸಮ, ಅಗ್ರತಲಸಂಚರ, ಅಂಚಿತ, ಕುಂಚಿತ. ಸಮವೆಂದರೆ ಅಂಗಾಲು ಪೂರ್ತಿ ನೆಲಕ್ಕೂರಿದ ಸ್ಥಿತಿ. ಮುಂಗಾಲ ಮೇಲೆ ನಿಂತು ಹಿಮ್ಮಡಿಯನ್ನು ನೆಲಕ್ಕೆ ಬಡಿಯುವುದು ಉದ್ಘಟ್ಟಿತ. ಅಂಚಿತದಲ್ಲಿ ಹಿಮ್ಮಡಿ ನೆಲದಲ್ಲಿದ್ದು ಮುಂಗಾಲು ಮೇಲೇಳುತ್ತದೆ. ಕುಂಚಿತದಲ್ಲಿ ಹಿಮ್ಮಡಿ ಮೇಲೆದ್ದು ಬೆರಳುಗಳು ಮಡಿಯುತ್ತವೆ. ಒಂಟಿ ಕಾಲಿನ ಚಲನೆಗೆ ಚಾರಿ ಎಂದು ಹೆಸರು. ನೆಲದ ಮೇಲಿನ ಭೌಮೀ ಚಾರಿಗಳು 16, ಕಾಲನ್ನು ಮೇಲೆತ್ತಿ ಮಾಡುವ ಆಕಾಶಿಕೀ ಚಾರಿಗಳು 16, ಒಟ್ಟು 32. ಪಾದವನ್ನು ಹಿಮ್ಮಡಿ, ಮುಂಗಾಲು, ಪೂರ್ಣ ಅಂಗಾಲು ಎಂದು ಬಿಡಿಸಿ ನೋಡುವ ಈ ಕ್ರಮ ಇಂದಿನ ಟ್ಯಾಪ್ ತರಗತಿಯಲ್ಲೂ ಕಾಣುತ್ತದೆ. ಅಲ್ಲಿನ ಬೂಟಿಗೆ ಮುಂಗಾಲಡಿ ಒಂದು, ಹಿಮ್ಮಡಿಯಡಿ ಒಂದು ಲೋಹದ ತಗಡು ಇರುತ್ತದೆ. ಪ್ರತಿ ಹೆಜ್ಜೆಯನ್ನೂ ಯಾವ ತಗಡು ನೆಲ ಮುಟ್ಟಿತು ಎಂಬುದರ ಮೇಲೆ ವಿವರಿಸುತ್ತಾರೆ.

ಟ್ಯಾಪ್ ನೃತ್ಯದ ಹುಟ್ಟು

ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನರ ತಾಳಪ್ರಜ್ಞೆ ಮತ್ತು ಬ್ರಿಟಿಷ್ ದ್ವೀಪಗಳಿಂದ ಬಂದವರ ಜಿಗ್, ಕ್ಲಾಗ್ ಕುಣಿತಗಳು ಅಮೆರಿಕದ ನೆಲದಲ್ಲಿ ಬೆರೆತು ಟ್ಯಾಪ್ ರೂಪುಗೊಂಡಿತು. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಸ್ಟೋನೊ ದಂಗೆ ನಡೆಯಿತು. ಮರುವರ್ಷ ಅಲ್ಲಿ ಬಂದ ಕಾನೂನು ಗುಲಾಮರು ಡೋಲು ಬಾರಿಸುವುದನ್ನು ನಿಷೇಧಿಸಿತು. ವಾದ್ಯ ಕಿತ್ತುಕೊಂಡರೂ ತಾಳ ಉಳಿಯಿತು. ಕೈಚಪ್ಪಾಳೆ, ತೊಡೆತಟ್ಟು, ಕಾಲ್ಬಡಿತಗಳು ಅದನ್ನು ಹೊತ್ತವು. 1840ರ ದಶಕದಲ್ಲಿ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಕೇರಿಯಲ್ಲಿ ಕರಿಯ ಮತ್ತು ಐರಿಷ್ ಬಡವರು ಒಟ್ಟಿಗೆ ಬಾಳುತ್ತಿದ್ದರು. ‘ಮಾಸ್ಟರ್ ಜೂಬಾ’ ಎಂದು ಹೆಸರಾದ ವಿಲಿಯಂ ಹೆನ್ರಿ ಲೇನ್ ಬೆಳಕಿಗೆ ಬಂದದ್ದು ಅಲ್ಲಿಂದಲೇ.

20ನೇ ಶತಮಾನದ ಮೊದಲರ್ಧ ಈ ಕಲೆಯ ವೈಭವದ ಕಾಲ. ಬಿಲ್ ‘ಬೋಜ್ಯಾಂಗಲ್ಸ್’ ರಾಬಿನ್ಸನ್ ಮುಂಗಾಲ ಮೇಲೆ ಹಗುರವಾಗಿ ಕುಣಿಯುತ್ತ ಮೆಟ್ಟಿಲ ನೃತ್ಯದಿಂದ ಪ್ರಖ್ಯಾತರಾದರು. ಜಾನ್ ಬಬಲ್ಸ್ ಹಿಮ್ಮಡಿಯ ಪೆಟ್ಟುಗಳನ್ನು ಹೆಣೆದು ತಾಳವನ್ನು ಸಂಕೀರ್ಣಗೊಳಿಸಿದರು. 1943ರ ‘ಸ್ಟಾರ್ಮಿ ವೆದರ್’ನಲ್ಲಿ ನಿಕೋಲಸ್ ಸಹೋದರರು, 1952ರ ‘ಸಿಂಗಿಂಗ್ ಇನ್ ದ ರೇನ್’ನಲ್ಲಿ ಜೀನ್ ಕೆಲ್ಲಿ ಈ ಕಲೆಯನ್ನು ಬೆಳ್ಳಿತೆರೆಯ ಮೂಲಕ ಜಗತ್ತಿಗೆ ತಲುಪಿಸಿದರು. ರಾಬಿನ್ಸನ್ ಹುಟ್ಟಿದ ಮೇ 25ನ್ನು ಅಮೆರಿಕದಲ್ಲಿ 1989ರಿಂದ ಟ್ಯಾಪ್ ನೃತ್ಯ ದಿನವಾಗಿ ಆಚರಿಸುತ್ತಾರೆ.

ದಾವಣಗೆರೆ–ಹರಿಹರ ಸೀಮೆಯ ಹೆಜ್ಜೆಗಳು

1997ರ ಆಗಸ್ಟ್ 15ರಂದು ಹೊಸ ಜಿಲ್ಲೆಯಾದ ದಾವಣಗೆರೆ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿಗಳ ಅಂಚುಗಳು ಕೂಡಿದ ನಾಡು. ಕುಣಿತಗಳೂ ಇಲ್ಲಿ ಹಾಗೆಯೇ ಕೂಡಿವೆ. ವೀರಭದ್ರನ ಸೇವೆಯಾದ ವೀರಗಾಸೆಯಲ್ಲಿ ದಕ್ಷಯಜ್ಞದ ಕಥೆಯನ್ನು ಒಡಪುಗಳಲ್ಲಿ ಹೇಳುತ್ತ, ನಡುನಡುವೆ ಕುಣಿಯುತ್ತಾರೆ. ಕರಡೆ, ಸಮಾಳಗಳ ಬಡಿತಕ್ಕೆ ಕಾಲಗೆಜ್ಜೆ ಉತ್ತರ ಕೊಡುತ್ತದೆ. ಒಡಪು ನಿಂತ ಕ್ಷಣವೇ ಹೆಜ್ಜೆ ಬೀಳಬೇಕಾದ್ದರಿಂದ ಹೊಸಬರು ಮೊದಲು ಕಿವಿಗೊಡುವುದನ್ನು ಕಲಿಯುತ್ತಾರೆ.

ಬೀರೇಶ್ವರನ ಭಕ್ತರಾದ ಕುರುಬ ಸಮುದಾಯದವರು ಬೆಳೆಸಿದ ಡೊಳ್ಳು ಕುಣಿತದಲ್ಲಿ ಕಾಲಿನ ಕೆಲಸ ಇನ್ನೂ ಕಷ್ಟದ್ದು. ಭಾರದ ಡೊಳ್ಳು ಸೊಂಟದ ಮುಂದೆ ತೂಗುತ್ತಿರುವಾಗ, ಒಂದು ಕೈಯ ಕೋಲಿನಿಂದಲೂ ಇನ್ನೊಂದರ ಬರಿ ಅಂಗೈಯಿಂದಲೂ ಬಾರಿಸುತ್ತ, ವೃತ್ತದಲ್ಲೂ ಸಾಲಿನಲ್ಲೂ ಚಲಿಸಬೇಕು. ಪೆಟ್ಟು ಕೈಗೆ ಹತ್ತದೆ ಹೆಜ್ಜೆ ಹಾಕಲು ಹೋದರೆ ಎರಡೂ ಕೆಡುತ್ತವೆ. ನಿಂತಲ್ಲೇ ಬಾರಿಸುವುದು, ಬಳಿಕ ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಡುವುದು, ಕೊನೆಗೆ ತಿರುಗುವುದು ಎಂಬ ಕ್ರಮ ಇಲ್ಲಿ ಸಹಜ.

ಕೋಲಾಟದಲ್ಲಿ ಕೋಲು ತಾಗುವ ಸದ್ದು ಮತ್ತು ಕಾಲು ಊರುವ ಗಳಿಗೆ ಒಂದಾಗಬೇಕು. ಜೋಡಿ ಬದಲಾಗುತ್ತಿದ್ದರೂ ತಾಳ ಬದಲಾಗಬಾರದು. ಎತ್ತರದ ರಂಗದ ಮೇಲೆ ರಾತ್ರಿಯಿಡೀ ನಡೆಯುವ ದೊಡ್ಡಾಟದಲ್ಲಿ ವೀರಪಾತ್ರದ ಪ್ರವೇಶವೇ ಹೆಜ್ಜೆಯ ಅಬ್ಬರದಿಂದ ಆಗುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗಳ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಸುತ್ತಲ ತಾಂಡಾಗಳ ಲಂಬಾಣಿ ಹೆಂಗಸರ ಕುಣಿತದಲ್ಲಿ ವೃತ್ತ, ಚಪ್ಪಾಳೆ, ಬಾಗುವಿಕೆ, ಆಭರಣಗಳ ಸದ್ದು ಎಲ್ಲವೂ ಒಂದೇ ಲಯದಲ್ಲಿ ಸೇರುತ್ತವೆ. ಮೈಸೂರು ಪರಂಪರೆಯ ಮಹಾನ್ ನೃತ್ಯ ಗುರು ಕೆ. ವೆಂಕಟಲಕ್ಷಮ್ಮ (1906–2002) ಕಡೂರು ಬಳಿಯ ತಂಗಲಿ ತಾಂಡ್ಯದ ಲಂಬಾಣಿ ಮನೆತನದಲ್ಲಿ ಹುಟ್ಟಿದವರು. ಅವರು ಜಟ್ಟಿ ತಾಯಮ್ಮನವರ ಬಳಿ ಕಲಿತು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಿ, 1992ರಲ್ಲಿ ಪದ್ಮಭೂಷಣ ಪಡೆದರು.

ತಟ್ಟಡವು

ಜಿಲ್ಲೆಯ ಪಟ್ಟಣಗಳಲ್ಲಿ ಮಕ್ಕಳು ಕಾಲ್ತಾಳವನ್ನು ಕ್ರಮಬದ್ಧವಾಗಿ ಕಲಿಯುವ ಮುಖ್ಯ ದಾರಿ ಭರತನಾಟ್ಯ. ಅದರ ಮೊದಲ ಪಾಠ ತಟ್ಟಡವು. ಹಿಮ್ಮಡಿಗಳನ್ನು ಹತ್ತಿರ ತಂದು, ಪಾದಗಳನ್ನು ಹೊರಮುಖವಾಗಿ ತಿರುಗಿಸಿ, ಮೊಣಕಾಲುಗಳನ್ನು ಎರಡೂ ಬದಿಗೆ ಬಾಗಿಸಿ, ಬೆನ್ನು ನೆಟ್ಟಗಿಟ್ಟು ಕೂರುವ ಭಂಗಿಗೆ ಅರೆಮಂಡಿ ಎನ್ನುತ್ತಾರೆ. ಈ ಭಂಗಿಯಲ್ಲಿದ್ದು ‘ತೈಯಾ ತೈಹಿ’ ಎಂಬ ಸೊಲ್ಲಿಗೆ ಪಾದವನ್ನು ಹಿಂದಕ್ಕೆತ್ತಿ, ಅಂಗಾಲನ್ನು ಪೂರ್ತಿಯಾಗಿ ನೆಲಕ್ಕೆ ತಟ್ಟಬೇಕು.

ಮೊದಲ ತಟ್ಟಡವಿನಲ್ಲಿ ಬಲಗಾಲಿಗೆ ಒಂದು ತಟ್ಟು, ಎಡಗಾಲಿಗೆ ಒಂದು ತಟ್ಟು. ಎರಡನೆಯದರಲ್ಲಿ ಎರಡೆರಡು, ಮೂರನೆಯದರಲ್ಲಿ ಮೂರು ಮೂರು. ಒಂದೇ ತಟ್ಟಿದ್ದಾಗ ಮೈಭಾರ ನಡಿಗೆಯ ಹಾಗೆ ತಾನಾಗಿ ಬದಲಾಗುತ್ತದೆ. ಅದೇ ಕಾಲು ಎರಡು, ಮೂರು ಸಲ ತಟ್ಟಬೇಕಾದಾಗ ಇನ್ನೊಂದು ಕಾಲು ಅಷ್ಟೂ ಹೊತ್ತು ಭಾರ ಹೊರಬೇಕು. ಹೊಸಬರು ಎಡವುವುದು ಇಲ್ಲಿಯೇ: ಮೊದಲ ತಟ್ಟಿಗೇ ಭಾರ ಬಿಟ್ಟುಬಿಟ್ಟರೆ ಎರಡನೆಯದಕ್ಕೆ ಕಾಲು ಏಳುವುದಿಲ್ಲ, ಸೊಂಟ ಮೇಲೇಳುತ್ತದೆ, ಅರೆಮಂಡಿ ಕಳಚುತ್ತದೆ. ಎಷ್ಟು ತಟ್ಟಡವುಗಳನ್ನು, ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದು ಗುರುಪರಂಪರೆಯಿಂದ ಪರಂಪರೆಗೆ ಬದಲಾಗುತ್ತದೆ. ಒಂದನೆಯ, ಎರಡನೆಯ, ಮೂರನೆಯ ಕಾಲಗಳಲ್ಲಿ ಸಾಧಿಸಬೇಕೆಂಬ ನಿಯಮ ಮಾತ್ರ ಎಲ್ಲೆಡೆ ಒಂದೇ. ಎರಡನೆಯ ಕಾಲವು ಮೊದಲಿನದರ ಇಮ್ಮಡಿ ವೇಗ, ಮೂರನೆಯದು ನಾಲ್ಮಡಿ. ಸಂಗೀತದ ಮಕ್ಕಳು ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡುವುದೂ ಇದೇ ಕ್ರಮ. ಗುರು ಮರದ ತುಂಡನ್ನು ಕೋಲಿನಿಂದ ಬಡಿದು ತಾಳ ಕೊಡುತ್ತಾರೆ.

ತತ್ಕಾರ

ಕಥಕ್‌ನಲ್ಲಿ ಇದಕ್ಕೆ ಸಮನಾದ ಪಾಠ ತತ್ಕಾರ. ಇಲ್ಲಿ ಮೊಣಕಾಲು ಬಾಗಿಸುವಂತಿಲ್ಲ. ನೆಟ್ಟಗೆ ನಿಂತು ಪಾದವನ್ನು ಸ್ವಲ್ಪವೇ ಎತ್ತಿ ತಟ್ಟಬೇಕು. 16 ಮಾತ್ರೆಗಳ ತೀನ್‌ತಾಲದಲ್ಲಿ ‘ತಾ ಥೇಯಿ ಥೇಯಿ ತತ್, ಆ ಥೇಯಿ ಥೇಯಿ ತತ್’ ಎಂಬ ಎಂಟು ಬೋಲುಗಳು ಎರಡು ಸಲ ಬರುತ್ತವೆ. ಮೊದಲ ನಾಲ್ಕಕ್ಕೆ ಬಲ, ಎಡ, ಬಲ, ಎಡ. ನಂತರದ ನಾಲ್ಕಕ್ಕೆ ಎಡ, ಬಲ, ಎಡ, ಬಲ. ನಾಲ್ಕನೆಯ ಮತ್ತು ಐದನೆಯ ತಟ್ಟು ಎರಡೂ ಎಡಗಾಲಿನವೇ ಆಗುವುದನ್ನು ಗಮನಿಸಬೇಕು. ಅಲ್ಲಿ ಭಾರ ಬಿಡದೆ ಹಿಡಿದುಕೊಂಡವರಿಗೆ ತತ್ಕಾರ ಸುಲಭವಾಗಿ ಒಲಿಯುತ್ತದೆ.

ಕನ್ನಡ ನಾಡಿಗೆ ಕಥಕ್ ಗಟ್ಟಿಯಾಗಿ ಬೇರೂರಲು ಕಾರಣರಾದವರಲ್ಲಿ ಮಾಯಾ ರಾವ್ (1928–2014) ಪ್ರಮುಖರು. ಬೆಂಗಳೂರಿನ ಮಲ್ಲೇಶ್ವರದವರಾದ ಅವರು ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾಗಿ, ಸೋವಿಯತ್ ಒಕ್ಕೂಟದಲ್ಲಿ ನೃತ್ಯ ಸಂಯೋಜನೆ ಕಲಿತು ಬಂದರು. ದೆಹಲಿಯಲ್ಲಿ ತಾವು ಆರಂಭಿಸಿದ್ದ ನಾಟ್ಯ ಸಂಸ್ಥೆಯನ್ನು 1987ರಲ್ಲಿ ಬೆಂಗಳೂರಿಗೆ ತಂದರು. ಕಥಕ್ ಮತ್ತು ಟ್ಯಾಪ್ ಮುಖಾಮುಖಿಯಾದ ಪ್ರಸಿದ್ಧ ಪ್ರಯೋಗ ‘ಇಂಡಿಯಾ ಜಾಝ್ ಸೂಟ್ಸ್’. ಕೋಲ್ಕತ್ತದ ಪಂಡಿತ್ ಚಿತ್ರೇಶ್ ದಾಸ್ ಬರಿಗಾಲಿಗೆ ಗೆಜ್ಜೆ ಕಟ್ಟಿ, ಅಮೆರಿಕದ ಜೇಸನ್ ಸ್ಯಾಮ್ಯುಯೆಲ್ಸ್ ಸ್ಮಿತ್ ಟ್ಯಾಪ್ ಬೂಟು ತೊಟ್ಟು ಒಂದೇ ವೇದಿಕೆಯಲ್ಲಿ ಸವಾಲು ಜವಾಬು ನಡೆಸಿದರು. ಇಬ್ಬರೂ ಪರಸ್ಪರರ ತಾಳವನ್ನು ಕೇಳಿಯೇ ಹಿಡಿದರು.

ಯಕ್ಷಗಾನದ ಹೆಜ್ಜೆ

ಯಕ್ಷಗಾನದಲ್ಲಿ ವೇಷ ಕಟ್ಟುವ ಮೊದಲು ಹೆಜ್ಜೆ ಕಲಿಯಬೇಕು. ಏಕ, ರೂಪಕ, ಝಂಪೆ, ತ್ರಿವುಡೆ, ಮಟ್ಟೆ, ಅಷ್ಟ, ಆದಿ ಮುಂತಾದ ತಾಳಗಳಿಗೆ ಬೇರೆ ಬೇರೆ ಹೆಜ್ಜೆಗಳಿವೆ. ವಿದ್ಯಾರ್ಥಿ ಬಾಯಲ್ಲಿ ಬಾಯಿತಾಳ ಹೇಳುತ್ತ ಕುಣಿಯುತ್ತಾನೆ. ಭಾಗವತರ ಜಾಗಟೆ ಅಥವಾ ತಾಳ, ಮದ್ದಲೆಗಳ ಜೊತೆ ಹೊಂದಿಕೆ ಆಮೇಲೆ. 1971ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕೇಂದ್ರ ಈ ಗುರುಕುಲದ ಪಾಠವನ್ನು ಶಾಲೆಯ ಚೌಕಟ್ಟಿಗೆ ತಂದಿತು. ಹೊನ್ನಾವರ ಬಳಿಯ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆ ಕಟ್ಟಿದ ಶ್ರೀಮಯ ಕೇಂದ್ರವೂ ಇದೇ ಕೆಲಸ ಮಾಡಿದೆ.

ಟ್ಯಾಪ್‌ನ ಆರಂಭಿಕ ಹೆಜ್ಜೆಗಳು

ಟ್ಯಾಪ್ ಕಲಿಯಲು ಹೊರಟವರು ಮೊದಲು ಒಂದೇ ಸದ್ದಿನ ಹೆಜ್ಜೆಗಳಲ್ಲಿ ಪಳಗಬೇಕು. ಮೊಣಕಾಲು ಸಡಿಲ, ಹರಡು ಸಡಿಲ, ಭಾರ ಸ್ವಲ್ಪ ಮುಂಗಾಲಿನತ್ತ. ಇದು ನಿಲ್ಲುವ ರೀತಿ.

ಸ್ಟೆಪ್: ಮುಂಗಾಲನ್ನು ಊರಿ ಭಾರವನ್ನು ಆ ಕಾಲಿಗೆ ವರ್ಗಾಯಿಸುವುದು. ಟೋ ಟ್ಯಾಪ್: ಹಿಮ್ಮಡಿ ನೆಲದಲ್ಲಿರಿಸಿ ಮುಂಗಾಲಿನಿಂದ ತಟ್ಟುವುದು. ಹೀಲ್ ಡ್ರಾಪ್: ಮುಂಗಾಲ ಮೇಲಿದ್ದು ಹಿಮ್ಮಡಿಯನ್ನು ಬೀಳಿಸುವುದು. ಸ್ಟ್ಯಾಂಪ್: ಪೂರ್ತಿ ಅಂಗಾಲನ್ನು ಊರಿ ಭಾರ ಹಾಕುವುದು. ಸ್ಟಾಂಪ್: ಪೂರ್ತಿ ಅಂಗಾಲಿನಿಂದ ಹೊಡೆದು ಭಾರ ಹಾಕದೆ ಕಾಲೆತ್ತುವುದು. ಕೊನೆಯ ಎರಡರ ಸದ್ದು ಹೆಚ್ಚುಕಡಿಮೆ ಒಂದೇ, ಭಾರದ ಲೆಕ್ಕ ಮಾತ್ರ ಬೇರೆ. ಭರತನಾಟ್ಯದ ಮೊದಲ ಮತ್ತು ಎರಡನೆಯ ತಟ್ಟಡವಿನ ನಡುವಿನ ವ್ಯತ್ಯಾಸವೂ ಇಂಥದೇ.

ಬ್ರಷ್ ಎಂದರೆ ಹರಡಿನಿಂದ ಪಾದವನ್ನು ಬೀಸಿ, ಮುಂಗಾಲ ತಗಡು ನೆಲವನ್ನು ಸವರಿ ಹೋಗುವಂತೆ ಮಾಡುವುದು. ಮುಂದಕ್ಕೆ ಒಂದು ಬ್ರಷ್, ಹಿಂದಕ್ಕೆ ಒಂದು ಬ್ರಷ್ ಕೂಡಿದರೆ ಷಫಲ್. ಎರಡು ಸದ್ದು, ಭಾರವಿಲ್ಲ. ಮುಂದಕ್ಕೆ ಬ್ರಷ್ ಮಾಡಿ ಅದೇ ಕಾಲನ್ನು ಊರಿದರೆ ಫ್ಲ್ಯಾಪ್. ಎರಡು ಸದ್ದು, ಭಾರ ವರ್ಗಾವಣೆ ಉಂಟು. ಒಂದು ಕಾಲಿನ ಮುಂಗಾಲನ್ನು ಹಿಂದಕ್ಕೆ ಊರಿ, ತಕ್ಷಣ ಇನ್ನೊಂದು ಕಾಲನ್ನು ಊರುವುದು ಬಾಲ್ ಚೇಂಜ್. ಎರಡು ಸದ್ದು, ಎರಡು ಸಲ ಭಾರ ಬದಲಾವಣೆ.

ಇವುಗಳನ್ನು ಜೋಡಿಸುವುದೇ ಮುಂದಿನ ಮೆಟ್ಟಿಲು. ಬಲಗಾಲಲ್ಲಿ ಷಫಲ್, ಬಲ ಮುಂಗಾಲನ್ನು ಹಿಂದೆ ಊರಿ ಎಡಗಾಲು ಇಟ್ಟರೆ ನಾಲ್ಕು ಸದ್ದಿನ ‘ಷಫಲ್ ಬಾಲ್ ಚೇಂಜ್’ ಆಯಿತು. ಕೊನೆಗೆ ಭಾರ ಎಡಗಾಲ ಮೇಲಿರುವುದರಿಂದ ಬಲಗಾಲು ಮತ್ತೆ ಬಿಡುವಾಗಿದೆ. ಹಾಗಾಗಿ ಈ ಜೋಡಣೆ ಪದೇ ಪದೇ ಒಂದೇ ಬದಿಯಲ್ಲಿ ನಡೆಯುತ್ತದೆ. ಬದಿ ಬದಲಿಸಬೇಕೆಂದರೆ ಷಫಲ್ ಮಾಡಿ ಅದೇ ಕಾಲನ್ನು ಊರಬೇಕು. ಆ ಮೂರು ಸದ್ದಿನ ಜೋಡಣೆಯಲ್ಲಿ ಬಲ, ಎಡ ತಾವಾಗಿ ಸರದಿಗೆ ಬರುತ್ತವೆ. ಬಲ ಮುಂಗಾಲು, ಎಡ ಮುಂಗಾಲು, ಬಲ ಹಿಮ್ಮಡಿ, ಎಡ ಹಿಮ್ಮಡಿ ಎಂಬ ನಾಲ್ಕು ಸದ್ದಿನ ಉರುಳಿಕೆಗೆ ಕ್ರ್ಯಾಂಪ್ ರೋಲ್ ಎಂದು ಹೆಸರು. ಇಷ್ಟು ಕೈವಶವಾದ ಮೇಲೆ, 1920ರ ದಶಕದಲ್ಲಿ ಹುಟ್ಟಿದ ‘ಶಿಮ್ ಶ್ಯಾಮ್’ ಎಂಬ ಸಾಮೂಹಿಕ ಕುಣಿತವನ್ನು ಆರಂಭಿಕರು ಕಲಿಯುವುದು ವಾಡಿಕೆ.

ಸೊಲ್ಲಿನ ನೆರವು

ಟ್ಯಾಪ್ ಶಿಕ್ಷಕರು ಅಂಕಿಗಳಲ್ಲಿ ಎಣಿಸುತ್ತಾರೆ. ನಮ್ಮ ವಿದ್ಯಾರ್ಥಿಗೆ ಅದಕ್ಕಿಂತ ಹತ್ತಿರದ ಸಾಧನ ಸೊಲ್ಲುಕಟ್ಟು. ಮೂರು ಸದ್ದಿಗೆ ‘ತಕಿಟ’, ನಾಲ್ಕಕ್ಕೆ ‘ತಕಧಿಮಿ’, ಐದಕ್ಕೆ ‘ತಕತಕಿಟ’, ಏಳಕ್ಕೆ ‘ತಕಿಟತಕಧಿಮಿ’, ಒಂಬತ್ತಕ್ಕೆ ‘ತಕಧಿಮಿತಕತಕಿಟ’. ಷಫಲ್ ಬಾಲ್ ಚೇಂಜ್ ಮಾಡುವಾಗ ‘ತಕ’ಕ್ಕೆ ಷಫಲ್, ‘ಧಿಮಿ’ಗೆ ಬಾಲ್ ಚೇಂಜ್ ಬೀಳುತ್ತದೆ. ಷಫಲ್ ಮತ್ತು ಒಂದು ಸ್ಟೆಪ್ ಸೇರಿದರೆ ‘ತಕಿಟ’. ಈ ಎರಡನ್ನು ಬೆನ್ನು ಬೆನ್ನಿಗೆ ಜೋಡಿಸಿದರೆ ಏಳು ಸದ್ದಿನ ಮಿಶ್ರ ನಡೆ ಸಿದ್ಧ. ಎಂಟು ಅಕ್ಷರದ ಆದಿತಾಳವನ್ನು ಕೈಯಲ್ಲಿ ಹಾಕುತ್ತ, ಬಾಯಲ್ಲಿ ಸೊಲ್ಲು ಹೇಳುತ್ತ, ಆಮೇಲೆ ಕಾಲಿಗೆ ಇಳಿಸಿದರೆ ತಪ್ಪು ಎಲ್ಲಾಯಿತೆಂದು ಕೂಡಲೇ ತಿಳಿಯುತ್ತದೆ. ಬಾಯಲ್ಲಿ ತಪ್ಪದ್ದು ಕಾಲಲ್ಲಿ ತಪ್ಪಿದರೆ ಕೊರತೆ ಭಾರದ ಹಿಡಿತದಲ್ಲಿದೆ. ಬಾಯಲ್ಲೇ ತಪ್ಪಿದರೆ ಲಯದಲ್ಲಿದೆ.

ನೆಲ, ಬೂಟು, ಗೆಜ್ಜೆ

ಕಾಲ್ತಾಳ ಕಲಿಯುವವರಿಗೆ ನೆಲದ ಆಯ್ಕೆ ಬಹಳ ಮುಖ್ಯ. ಸಿಮೆಂಟು, ಕಡಪ ಕಲ್ಲು, ಟೈಲ್ಸ್ ನೆಲಗಳು ಪೆಟ್ಟನ್ನು ಹೀರಿಕೊಳ್ಳುವುದಿಲ್ಲ. ಅದು ನೇರ ಮೊಣಕಾಲಿಗೂ ಮುಂಗಾಲಿಗೂ ಮರಳುತ್ತದೆ. ಸಗಣಿ ಸಾರಿಸಿದ ಮಣ್ಣಿನ ನೆಲ, ಅಡಿಯಲ್ಲಿ ಟೊಳ್ಳಿರುವ ಮರದ ಹಲಗೆ ಕಾಲಿಗೆ ಹಿತ. ಟ್ಯಾಪ್‌ಗಂತೂ ಮರದ ನೆಲವೇ ಬೇಕು, ಏಕೆಂದರೆ ಸದ್ದಿನ ಗುಣ ನೆಲವನ್ನೂ ಅವಲಂಬಿಸಿದೆ. ಮನೆಯಲ್ಲಿ ಅಭ್ಯಾಸ ಮಾಡುವವರು ದಪ್ಪ ಪ್ಲೈವುಡ್ ಹಲಗೆಯನ್ನು ಜಾರದಂತೆ ರಬ್ಬರ್ ಚಾಪೆಯ ಮೇಲೆ ಹಾಸಿಕೊಳ್ಳಬಹುದು. ನುಣುಪು ಟೈಲ್ಸ್ ಮೇಲೆ ಲೋಹದ ತಗಡಿನ ಬೂಟು ತೊಟ್ಟು ಕುಣಿಯುವುದು ಅಪಾಯ. ಆರಂಭದಲ್ಲಿ ಗಟ್ಟಿ ಅಟ್ಟೆಯ ಸಾಮಾನ್ಯ ಬೂಟಿನಲ್ಲೇ ಹೆಜ್ಜೆ ಕಲಿಯಬಹುದು. ಟ್ಯಾಪ್ ಬೂಟು ಕೊಂಡ ಮೇಲೆ ತಗಡಿನ ತಿರುಪುಗಳು ಸಡಿಲವಾಗಿವೆಯೇ ಎಂದು ಆಗಾಗ ನೋಡಬೇಕು.

ಗೆಜ್ಜೆಯ ವಿಷಯದಲ್ಲೂ ಅವಸರ ಸಲ್ಲದು. ಗೆಜ್ಜೆಯ ಝಣತ್ಕಾರ ಅಸ್ಪಷ್ಟ ತಟ್ಟನ್ನು ಮುಚ್ಚಿಹಾಕುತ್ತದೆ. ಆದ್ದರಿಂದಲೇ ಹಲವು ಗುರುಗಳು ಅಡವುಗಳು ಪಳಗಿದ ಮೇಲೆ ಗೆಜ್ಜೆಪೂಜೆ ಮಾಡಿಸಿ ಗೆಜ್ಜೆ ಕಟ್ಟಿಸುತ್ತಾರೆ.

ದೇಹದ ಎಚ್ಚರ

ಅಭ್ಯಾಸಕ್ಕೆ ಮುನ್ನ ಹರಡು, ಮೀನಖಂಡ, ತೊಡೆಗಳನ್ನು ಬಿಸಿಮಾಡಿಕೊಳ್ಳಬೇಕು. ಅರೆಮಂಡಿಯಲ್ಲಿ ಮೊಣಕಾಲು ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಪಾದ ಹೊರಗೆ, ಮೊಣಕಾಲು ಒಳಗೆ ಇದ್ದರೆ ಕೀಲಿಗೆ ತಿರುಚು ಬೀಳುತ್ತದೆ. ತೊಡೆ ಸೊಂಟದಿಂದ ತಿರುಗುವಷ್ಟೇ ಪಾದ ತಿರುಗಲಿ. ಮೊಣಕಾಲ ಕೆಳಗೆ ಮುಂಭಾಗದ ಎಲುಬಿನ ಉದ್ದಕ್ಕೂ ನೋವು ಕಾಣಿಸಿಕೊಂಡರೆ ಅದು ಗಟ್ಟಿ ನೆಲದ ಮೇಲೆ ಅತಿಯಾಗಿ ಬಡಿದುದರ ಸೂಚನೆಯಾಗಿರಬಹುದು. ಅಂಥ ವೇಳೆ ವಿಶ್ರಾಂತಿ ಬೇಕು. ನೋವು ಉಳಿದರೆ ವೈದ್ಯರನ್ನು ಕಾಣಬೇಕು. ಜೋರಾಗಿ ಬಡಿದರೆ ಸದ್ದು ಚೆನ್ನಾಗಿ ಬರುತ್ತದೆ ಎಂಬುದು ತಪ್ಪು ನಂಬಿಕೆ. ಪಾದ ನೆಲಕ್ಕೆ ಸಮನಾಗಿ ಬಿದ್ದರೆ ಸಣ್ಣ ಪೆಟ್ಟೂ ಸ್ವಚ್ಛವಾಗಿ ಕೇಳುತ್ತದೆ.

ಕಲಿಕೆಯ ಅವಕಾಶ

ಕರ್ನಾಟಕದಲ್ಲಿ ಭರತನಾಟ್ಯಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಹಂತಗಳ ಪರೀಕ್ಷಾ ವ್ಯವಸ್ಥೆ ಇದೆ. ವೀರಗಾಸೆ, ಡೊಳ್ಳು, ಕೋಲಾಟಗಳನ್ನು ಊರಿನ ತಂಡದಲ್ಲಿ ಹಿರಿಯರ ಪಕ್ಕ ನಿಂತೇ ಕಲಿಯಬೇಕು. ಟ್ಯಾಪ್ ನಮ್ಮ ಜಿಲ್ಲಾ ಪಟ್ಟಣಗಳಲ್ಲಿ ಇನ್ನೂ ಪಾಠಶಾಲೆಯ ವಿಷಯವಾಗಿಲ್ಲ. ಆಸಕ್ತರಿಗೆ ವಿಡಿಯೊ ಪಾಠಗಳು ನೆರವಾಗುತ್ತವೆ. ಆದರೆ ವಿಡಿಯೊ ನೋಡಿ ಕಲಿಯುವವರ ಭಾರದ ತಪ್ಪನ್ನು ತಿದ್ದುವವರು ಎದುರಿಗಿರುವುದಿಲ್ಲ. ತಟ್ಟಡವನ್ನೋ ಊರಿನ ಕುಣಿತವನ್ನೋ ಗುರುಮುಖೇನ ಕಲಿತವರು ಆ ಕೊರತೆಯನ್ನು ಬಹುಪಾಲು ತುಂಬಿಕೊಳ್ಳಬಲ್ಲರು. ಆದ್ದರಿಂದ ಟ್ಯಾಪ್ ಕಲಿಯಬಯಸುವ ಹರಿಹರ, ದಾವಣಗೆರೆ, ಗುತ್ತೂರಿನ ಮಕ್ಕಳನ್ನು ತಂದೆತಾಯಿಗಳು ಮೊದಲು ಹತ್ತಿರದ ನೃತ್ಯಗುರುವಿನ ಬಳಿಗೋ ಊರಿನ ಕುಣಿತದ ತಂಡಕ್ಕೋ ಕಳಿಸಲಿ. ಅಲ್ಲಿ ಪಳಗಿದ ಕಾಲಿಗೆ ಷಫಲ್, ಫ್ಲ್ಯಾಪ್‌ಗಳು ಬೇಗ ಹತ್ತುತ್ತವೆ.